ನೆಂಟರಲ್ಲದವರ ಬಾಡಿಗೆ ಮನೆ: ಅಳತೆಗೋಲು ಯಾವುದಿರಬೇಕು?

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿನ ಬಡಾವಣೆಗಳ ನಿವಾಸಿಗಳು ಸೇರಿದ ಕಡೆಯಲ್ಲೆಲ್ಲ ಒಂದು ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ. ಪರಸ್ಪರ ಸಂಬಂಧಿಕರಲ್ಲದ ಮೂವರಿಗಿಂತ ಹೆಚ್ಚು ಜನ ಒಂದು ಬಾಡಿಗೆ ಮನೆಯಲ್ಲಿ ಇರಕೂಡದು, ಅದನ್ನು ಎಲ್ಲಿ ಏನು, ಎಷ್ಟು ಕಟ್ಟಬಹುದೆಂದು ಹೇಳುವ ವಲಯ ನಿಯಮಾವಳಿಯಲ್ಲೇ ಬರೆದುಬಿಡಿ ಎಂಬುದು ಆ ಬೇಡಿಕೆ. ಮಾನಸಗಂಗೋತ್ರಿಗೆ ಅಂಟಿಕೊಂಡ ಪಡುವಾರಹಳ್ಳಿ, ಸರಸ್ವತಿಪುರಂ, ಕುವೆಂಪುನಗರ, ಬೋಗಾದಿ, ಕಾರ್ಖಾನೆ ಕಡೆಯ ಹೆಬ್ಬಾಳ, ಹೂಟಗಳ್ಳಿ, ಯೋಗ ಕಲಿಯಲು ವಿದೇಶಿಯರು ಬಂದಿಳಿಯುವ ಗೋಕುಲಂ, ಅತ್ತ ಮಂಡ್ಯದಲ್ಲಿ ಪಿಇಎಸ್ ಕಾಲೇಜು ಮತ್ತು ಮಿಮ್ಸ್ ವೈದ್ಯಕೀಯ ಕಾಲೇಜಿನ ಸುತ್ತಮುತ್ತ, ಎಲ್ಲ ಕಡೆಯೂ ದೂರು ಹೆಚ್ಚುಕಡಿಮೆ ಒಂದೇ. ಗೇಟಿನ ಮುಂದೆ ಅಡ್ಡಾದಿಡ್ಡಿ ಬೈಕು, ರಾತ್ರಿ ಹನ್ನೊಂದಾದರೂ ಟೆರೇಸಿನಲ್ಲಿ ಹಾಡು, ಕಸದ ಗಾಡಿ ಹೋದ ಮೇಲೆ ಹೊರಬರುವ ಕಸದ ಚೀಲ, ಕಟ್ಟಿಕೊಂಡ ಯುಜಿಡಿ (ಒಳಚರಂಡಿ) ಚೇಂಬರು, ಫೋನೆತ್ತದ ಮಾಲೀಕ.

ದೂರು ಸುಳ್ಳಲ್ಲ. ಕೇಳುತ್ತಿರುವ ಮದ್ದು ಮಾತ್ರ ಬೇರೆ ಕಾಯಿಲೆಯದು. ನಗರ ಯೋಜನೆ, ವಕೀಲಿಕೆ ಮತ್ತು ಸಿವಿಲ್ ಕೆಲಸದಲ್ಲಿ ಇರುವವರಾಗಿ ನಾವು ಈ ಪತ್ರ ಬರೆಯುತ್ತಿದ್ದೇವೆ.

ನಮ್ಮ ವಲಯ ನಿಯಮಗಳು ಹುಟ್ಟುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿಂದ. ಅವು ಅಳೆಯುವುದು ನಿವೇಶನದ ಅಳತೆ, ರಸ್ತೆಯ ಅಗಲ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಎಫ್‌ಎಆರ್ (ನಿವೇಶನದ ಅಳತೆಗೆ ಹೋಲಿಸಿ ಎಷ್ಟು ಕಟ್ಟಬಹುದೆಂಬ ಪ್ರಮಾಣ), ಎತ್ತರ, ಪಾರ್ಕಿಂಗ್ ಮತ್ತು ಜಾಗದ ಉಪಯೋಗವನ್ನು. ಒಳಗೆ ಮಲಗಿದವರು ಅಣ್ಣತಮ್ಮಂದಿರೋ ಸಹಪಾಠಿಗಳೋ ಎಂದು ಅವು ಕೇಳುವುದಿಲ್ಲ. ಪ್ಲೇಗಿನ ಹೊಡೆತದ ನಂತರ 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿದಾಗಲೂ ಅದರ ಚಿಂತೆ ಗಾಳಿ, ಬೆಳಕು, ಚರಂಡಿಯದು. ನೂರು ವರ್ಷ ದಾಟಿದ ಈ ಪದ್ಧತಿಯನ್ನು ಬಿಟ್ಟು ನೆಂಟಸ್ತಿಕೆ ಎಣಿಸುವ ಅಳತೆಗೋಲು ತರಬೇಕೆಂದರೆ, ಅದನ್ನು ಬಳಸಿದ ನಾಡಿನಲ್ಲಿ ಏನಾಯಿತೆಂದು ಮೊದಲು ನೋಡಬೇಕು.

ಆ ನಾಡು ಅಮೆರಿಕ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿ ಬೆಲ್ ಟೆರ್ ಎಂಬ ಪುಟ್ಟ ಊರಿದೆ. ಆಗ ಸುಮಾರು 220 ಮನೆ, 700 ಜನ. ರಕ್ತಸಂಬಂಧ, ದತ್ತು ಅಥವಾ ಮದುವೆಯಿಂದ ಸೇರಿ, ಒಟ್ಟಿಗೆ ಅಡುಗೆ ಮಾಡಿಕೊಂಡು ಇರುವವರೇ ಕುಟುಂಬ. ಸಂಬಂಧವಿಲ್ಲದವರಾದರೆ ಇಬ್ಬರಿಗೆ ಮಾತ್ರ ಅವಕಾಶ ಎಂದು ಅಲ್ಲಿನ ನಿಯಮ. ಹತ್ತಿರದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಆರು ವಿದ್ಯಾರ್ಥಿಗಳು ಒಂದು ಮನೆ ಹಿಡಿದರು, ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು, 1974ರಲ್ಲಿ ಕೋರ್ಟ್ ಊರಿನ ಪರ ನಿಂತಿತು. ಒಪ್ಪದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರ ವಾದ ನಮ್ಮ ಚರ್ಚೆಗೆ ನೇರವಾಗಿ ತಾಗುತ್ತದೆ. ಈ ನಿಯಮದಡಿ ಹನ್ನೆರಡು ಜನರ ಕೂಡುಕುಟುಂಬ ಚಿಕ್ಕ ಮನೆಯೊಂದರಲ್ಲಿ ತುಂಬಿಕೊಂಡು ಇರಬಹುದು, ಪಕ್ಕದ ಬಂಗಲೆಯಲ್ಲಿ ಮೂವರು ನಿವೃತ್ತ ವೃದ್ಧರು ಇರುವಂತಿಲ್ಲ. ಹಾಗಿದ್ದರೆ ಇದು ಜನದಟ್ಟಣೆಯನ್ನು ಹೇಗೆ ತಡೆಯಿತು?

ಮೂರು ವರ್ಷದಲ್ಲಿ, 1977ರಲ್ಲಿ, ಅದೇ ಕೋರ್ಟಿನ ಮುಂದೆ ಈಸ್ಟ್ ಕ್ಲೀವ್‌ಲ್ಯಾಂಡಿನ ಅಜ್ಜಿಯೊಬ್ಬರ ಪ್ರಕರಣ ಬಂತು. ಅವರ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದರು, ಇಬ್ಬರೂ ಬೇರೆ ಬೇರೆ ಗಂಡುಮಕ್ಕಳ ಮಕ್ಕಳು. ಊರಿನ ವ್ಯಾಖ್ಯೆಯಲ್ಲಿ ಅದು ‘ಒಂದು ಕುಟುಂಬ’ ಅಲ್ಲ. ಅಜ್ಜಿಗೆ ಐದು ದಿನ ಜೈಲು, 25 ಡಾಲರ್ ದಂಡ ವಿಧಿಸಿದ್ದರು. ಕೋರ್ಟ್ ಅದನ್ನು ಹೊಡೆದುಹಾಕಿತು. ಮುಂದೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1980ರಲ್ಲಿ ಸಾಂತಾ ಬಾರ್ಬರಾ ನಗರದ ಇಂಥದೇ ಮಿತಿಯನ್ನು ರದ್ದು ಮಾಡಿತು. ಅಯೋವಾ 2017ರಲ್ಲಿ, ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳು 2021ರಲ್ಲಿ, ಕೊಲರಾಡೋ 2024ರಲ್ಲಿ, ಸಂಬಂಧ ನೋಡಿ ವಾಸಿಗಳ ಸಂಖ್ಯೆ ಮಿತಿಗೊಳಿಸಬಾರದೆಂದು ಸ್ಥಳೀಯ ಸಂಸ್ಥೆಗಳ ಕೈಕಟ್ಟುವ ಕಾನೂನು ತಂದವು. ಅವರು ಕಳಚಿ ಹಾಕುತ್ತಿರುವುದನ್ನು ನಾವು ತೊಟ್ಟುಕೊಳ್ಳಲು ಹೊರಟಿದ್ದೇವೆ.

ನಮ್ಮಲ್ಲಿ ಆ ಅಜ್ಜಿಯ ಮನೆ ಯಾವ ಬೀದಿಯಲ್ಲಿಲ್ಲ? ಹುಣಸೂರಿನಿಂದ ಅಕ್ಕನ ಮಗ, ನಾಗಮಂಗಲದಿಂದ ಭಾವಮೈದುನನ ಮಗಳು, ಓದಲೆಂದು ಬಂದ ಊರ ಕಡೆಯ ಇನ್ನೊಬ್ಬ ಹುಡುಗ. ಅವನು ನೆಂಟನೂ ಅಲ್ಲ, ಆದರೂ ಮನೆಯವನೇ. ವಾರಾನ್ನದ ಕಾಲದಿಂದ ಮೈಸೂರು ಓದಿಸಿದ್ದೇ ಹೀಗೆ. ಇವರ ಸಂಬಂಧವನ್ನು ಅಧಿಕಾರಿ ಯಾವ ಕಾಗದದಲ್ಲಿ ನೋಡುತ್ತಾನೆ? ಈಗಿನ ಆಧಾರ್ ಕಾರ್ಡಿನಲ್ಲಿ ‘ಕೇರ್ ಆಫ್’ ಎಂದಷ್ಟೇ ಇರುತ್ತದೆ. ಪಡಿತರ ಚೀಟಿ ಊರಿನ ವಿಳಾಸದಲ್ಲಿರುತ್ತದೆ. ಉಳಿಯುವ ದಾರಿ ಒಂದೇ, ಬಾಗಿಲು ಬಡಿದು ‘ನಿಮಗೂ ಇವರಿಗೂ ಏನಾಗಬೇಕು’ ಎಂದು ಕೇಳುವುದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಹೇಳಿದ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಜೊತೆಗೆ ದೇಶದ ಯಾವ ಭಾಗದಲ್ಲಾದರೂ ನೆಲೆಸಬಹುದೆಂಬ ಸಂವಿಧಾನದ 19(1)(ಇ) ವಿಧಿಯೂ ಇದೆ. ನೆಂಟಸ್ತಿಕೆಯ ನಿಯಮ ಬರೆದ ಪ್ರಾಧಿಕಾರ ಈ ಎರಡಕ್ಕೂ ಉತ್ತರ ಕೊಡಬೇಕಾಗುತ್ತದೆ. ‘ಫ್ಯಾಮಿಲಿಗೆ ಮಾತ್ರ’ ಎಂದು ಬೋರ್ಡು ಹಾಕುವ ಮಾಲೀಕನ ವಿಷಯ ಬೇರೆ. ಅದು ನಮಗೆ ಹಿಡಿಸದಿದ್ದರೂ ತನ್ನ ಮನೆಯ ಬಗ್ಗೆ ಅವನ ಖಾಸಗಿ ತೀರ್ಮಾನ. ಸರ್ಕಾರದ ನಿಯಮ ಅದೇ ಬೋರ್ಡನ್ನು ಊರಿಗೆಲ್ಲ ನೇತುಹಾಕುವಂತಿಲ್ಲ.

ಹಾಗಾದರೆ ‘ಒಂದು ಮನೆ’ ಎಂದರೇನು? ಉತ್ತರ ನಮ್ಮ ಜನಗಣತಿಯಲ್ಲೇ ಇದೆ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯ ಊಟ ಮಾಡುವವರು ಒಂದು ಕುಟುಂಬ. ಅವರು ಸಂಬಂಧಿಕರಿರಬಹುದು, ಇಲ್ಲದಿರಬಹುದು, ಎರಡೂ ಬೆರೆತಿರಬಹುದು. ಒಲೆ ಬೇರೆಯಾದರೆ ಮನೆ ಬೇರೆಯಾಯಿತು ಎಂದು ಮಂಡ್ಯದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ನಿಯಮಕ್ಕೆ ಬೇಕಾದ ಗೆರೆಯೂ ಅದೇ. ನಾಲ್ಕೈದು ಜನ ಇಡೀ ಮನೆಯನ್ನು ಒಂದು ಕರಾರಿನಲ್ಲಿ ಹಿಡಿದು ಒಂದೇ ಒಲೆಯಲ್ಲಿ ಬೇಯಿಸಿಕೊಂಡರೆ ಅದು ವಾಸದ ಮನೆ. ಮಾಲೀಕನೋ ಗುತ್ತಿಗೆ ಹಿಡಿದವನೋ ಮಂಚದ ಲೆಕ್ಕದಲ್ಲಿ ಹಣ ಪಡೆದು ಊಟ ಹಾಕಿದರೆ ಅದು ಪಿಜಿ ವ್ಯವಹಾರ, ಅದಕ್ಕೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಒಳಗಿನವರು ಸಂಬಂಧಿಕರಲ್ಲ ಎಂಬ ಕಾರಣಕ್ಕೆ ಕಟ್ಟಡ ವಸತಿಯಲ್ಲ ಎನ್ನಲಾಗದು. ವಿದ್ಯಾರ್ಥಿಗಳು ಮತ್ತು ದುಡಿಯುವ ಹೆಂಗಸರ ಹಾಸ್ಟೆಲಿಗೆ ಬಾಡಿಗೆ ಕೊಟ್ಟ ಕಟ್ಟಡವೂ ವಾಸದ ಮನೆಯೇ ಎಂದು ಜಿಎಸ್‌ಟಿ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ.

ಇನ್ನು ಅಳತೆಗೆ ಬರೋಣ. ಬೆಂಗಳೂರಿನ ಪಾಲಿಕೆ 2024ರಲ್ಲಿ ಪಿಜಿಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದಿದೆ. ಇಂಗ್ಲೆಂಡಿನಲ್ಲಿ ಐದು ಅಥವಾ ಹೆಚ್ಚು ಜನ, ಎರಡು ಅಥವಾ ಹೆಚ್ಚು ಕುಟುಂಬಗಳಿಗೆ ಸೇರಿದವರು, ಹಂಚಿಕೊಂಡ ಮನೆಗೆ 2018ರ ಅಕ್ಟೋಬರಿನಿಂದ ಪರವಾನಗಿ ಕಡ್ಡಾಯ. ಅಲ್ಲಿ ಮಲಗುವ ಕೋಣೆ ಒಬ್ಬ ವಯಸ್ಕರಿಗೆ 6.51 ಚದರ ಮೀಟರ್, ಇಬ್ಬರಿಗೆ 10.22 ಚದರ ಮೀಟರ್. ಲೆಕ್ಕ ಹಾಕಿ ನೋಡಿ, 6.51 ಚದರ ಮೀಟರ್ ಎಂದರೆ ಸರಿಯಾಗಿ 70 ಚದರ ಅಡಿ! 10.22 ಎಂದರೆ 110 ಚದರ ಅಡಿ. ಸಂಖ್ಯೆ ಒಂದೇ ಆದರೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಅಳೆಯುವುದು ಮಲಗುವ ಕೋಣೆಯನ್ನು ಮಾತ್ರ. ನಮ್ಮಲ್ಲಿ ‘ಒಬ್ಬರಿಗೆ 70’ ಎಂದಷ್ಟೇ ಬರೆದರೆ ಹಾಲ್, ಪ್ಯಾಸೇಜು, ಬಾಲ್ಕನಿ ಎಲ್ಲ ಸೇರಿಸಿ ಭಾಗಿಸುತ್ತಾರೆ. 30×40 ನಿವೇಶನದ ನೆಲಮಹಡಿಯ ಎರಡು ಕೋಣೆಯ ಮನೆ ಒಳಗೆ 650 ಚದರ ಅಡಿ ಎಂದಿಟ್ಟುಕೊಳ್ಳಿ, ಆ ಲೆಕ್ಕದಲ್ಲಿ ಒಂಬತ್ತು ಜನ! ಅದೇ ಮನೆಯ ಕೋಣೆಗಳು 10×12 ಮತ್ತು 10×11 ಅಡಿ ಇದ್ದರೆ, ಇಬ್ಬರಿಗೆ 110 ಎಂಬ ಕೋಣೆ ಲೆಕ್ಕದಲ್ಲಿ ಇಬ್ಬಿಬ್ಬರಂತೆ ನಾಲ್ವರು. ಆ ಮನೆಯ ಬಚ್ಚಲು, ಸಂಪು, ಮೀಟರು ತಡೆಯುವುದೂ ಅಷ್ಟನ್ನೇ. ಆದ್ದರಿಂದ ನಿಯಮದಲ್ಲಿ ‘ಮಲಗುವ ಕೋಣೆಯ ಒಳ ಅಳತೆ, ಹಾಲ್, ಅಡುಗೆಮನೆ, ಪೋರ್ಟಿಕೊ ಬಿಟ್ಟು’ ಎಂದು ಬಿಡಿಸಿ ಬರೆಯಬೇಕು. ಈ ಮಿತಿ ಸಂಸಾರಸ್ಥರಿಗೂ ಬ್ಯಾಚುಲರುಗಳಿಗೂ ಒಂದೇ ಇರಬೇಕು, ಮಕ್ಕಳಿಗೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು.

ನೀರಿನ ಲೆಕ್ಕ ಇನ್ನೂ ಸುಲಭ. ಆರು ಜನಕ್ಕೆ ದಿನಕ್ಕೆ 810 ಲೀಟರ್. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಸಂಪಿನಲ್ಲಿ ಕನಿಷ್ಠ 1,620 ಲೀಟರ್ ಇರಬೇಕು, ಒಂದು ಸರದಿ ತಪ್ಪಿದರೆ ಅದೂ ಸಾಲದು. ಸಾಮಾನ್ಯವಾಗಿ ತೊಂದರೆ ಕಾಣಿಸುವುದು ಸಂಪಿನಲ್ಲಲ್ಲ, ಮೇಲಿನ ಟ್ಯಾಂಕಿನಲ್ಲಿ. ನಾಲ್ಕು ಜನರ ಸಂಸಾರಕ್ಕೆಂದು ಇಟ್ಟ 500 ಲೀಟರಿನ ಟ್ಯಾಂಕು ಆರು ಜನ ಸ್ನಾನ ಮಾಡಿದರೆ ಬೆಳಿಗ್ಗೆ ಎಂಟಕ್ಕೆ ಬರಿದು. ಆಗ ಯಾರೋ ಮೋಟರು ಹಾಕಿ ಕಾಲೇಜಿಗೆ ಓಡುತ್ತಾರೆ, ಟ್ಯಾಂಕು ತುಂಬಿ ಪಕ್ಕದ ಮನೆ ಗೋಡೆ ಮೇಲೆ ಸುರಿಯುತ್ತದೆ, ಇಲ್ಲವೇ ಸಂಪು ಖಾಲಿಯಾಗಿ ಮೋಟರು ಒಣಗಿ ತಿರುಗಿ ಸುಟ್ಟುಹೋಗುತ್ತದೆ. ಟ್ಯಾಂಕಿಗೂ ಸಂಪಿಗೂ ಸೇರಿಸಿ ಒಂದು ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿದರೆ ಎರಡೂ ನಿಲ್ಲುತ್ತವೆ. ಬೀದಿಜಗಳದಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ ಎಂಬುದು ನಮ್ಮ ಅಂದಾಜು. ಬಚ್ಚಲಿನ ಲೆಕ್ಕ: ಬೆಳಿಗ್ಗೆ ಏಳರಿಂದ ಎಂಟೂವರೆ, ಒಬ್ಬರಿಗೆ ಹದಿನೈದು ನಿಮಿಷ, ಒಂದು ಬಚ್ಚಲಿಗೆ ಹೆಚ್ಚೆಂದರೆ ಆರು ಜನ. ಕಕ್ಕಸು ಅದರೊಳಗೇ ಇದ್ದರೆ ನಾಲ್ಕು. ಯುಜಿಡಿ ಕಟ್ಟುವುದು ಬರೀ ಜನ ಹೆಚ್ಚಾದದ್ದಕ್ಕಲ್ಲ. ಸ್ಯಾನಿಟರಿ ಪ್ಯಾಡು, ಕೂದಲು, ಸಿಂಕಿಗೆ ಸುರಿದ ಅನ್ನ ನಾಲ್ಕಿಂಚಿನ ಪೈಪಿನ ತಿರುವಿನಲ್ಲಿ ಕೂರುವುದರಿಂದ. ಬಚ್ಚಲಿಗೊಂದು ಮುಚ್ಚಳದ ಡಬ್ಬಿ, ಸಿಂಕಿಗೊಂದು ಜಾಲರಿ ಇಡಿಸುವ ಜವಾಬ್ದಾರಿ ಮಾಲೀಕನದು.

ಅಪಾಯವೆಂದರೆ ಕರೆಂಟು. ಹಳೆಯ ಮನೆಗಳಲ್ಲಿ ಮಂಜೂರಾದ ಲೋಡು ಮೂರು ಕಿಲೋವ್ಯಾಟ್ ಇದ್ದರೆ ಹೆಚ್ಚು. ಮೋಡದ ದಿನ ಸೋಲಾರ್ ಕೈಕೊಟ್ಟಾಗ ಎರಡೆರಡು ಕಿಲೋವ್ಯಾಟಿನ ಎರಡು ಗೀಸರು, ಎರಡು ಕಿಲೋವ್ಯಾಟಿನ ಇಂಡಕ್ಷನ್ ಒಲೆ, ಒಂದು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ ಏಳು ಕಿಲೋವ್ಯಾಟ್, ಅಂದರೆ ಸುಮಾರು 30 ಆಂಪಿಯರ್. ಫ್ಯೂಸ್ ಹೋಗುತ್ತದೆ, ಯಾರೋ ದಪ್ಪ ತಂತಿ ಸುತ್ತುತ್ತಾರೆ, ಅಲ್ಲಿಂದ ಮುಂದೆ ಬಿಸಿಯಾಗುವುದು ಗೋಡೆಯೊಳಗಿನ ವೈರು. ಆರು ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡು ತಡೆಯುವುದು ಸುಮಾರು 1,380 ವ್ಯಾಟ್. ನೀರು ಕಾಯಿಸುವ 1,500 ವ್ಯಾಟಿನ ಕಾಯಿಲ್ ರಾಡು, ಇಂಡಕ್ಷನ್ ಒಲೆ ಎರಡೂ ಅದಕ್ಕೆ ಮೀರಿದವು. ಮನೆ ಕೊಡುವ ಮುಂಚೆ ಮಾಲೀಕ ಮೂರು ಕೆಲಸ ಮಾಡಿಸಬೇಕು: ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಲೋಡು ಹೆಚ್ಚಿಸಿಕೊಳ್ಳುವುದು, ಗೀಸರಿಗೂ ಇಂಡಕ್ಷನ್ನಿಗೂ ಪ್ರತ್ಯೇಕ 16 ಆಂಪಿಯರ್ ಲೈನು ಎಳೆಸುವುದು, ಮುಖ್ಯ ಬೋರ್ಡಿಗೆ, ಕರೆಂಟು ಸೋರಿದರೆ ತಾನೇ ಆರಿಹೋಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಕೂರಿಸುವುದು. ಗೃಹಜ್ಯೋತಿಯ ಬಗ್ಗೆಯೂ ಒಂದು ಮಾತು. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿದ ಹುಡುಗ ಮನೆ ಬಿಡುವಾಗ ಅದನ್ನು ಬಿಡಿಸಿಕೊಳ್ಳದಿದ್ದರೆ ಮುಂದಿನ ಮನೆಯಲ್ಲಿ ಅವನಿಗೆ ಸೌಲಭ್ಯ ಸಿಗುವುದಿಲ್ಲ.

ಬೆಂಕಿ ಬಿದ್ದರೆ ಹೊರಬರುವ ದಾರಿ? ನಮ್ಮ ಮನೆಗಳ ಕಿಟಕಿಗೆಲ್ಲ ಬಿಗಿದ ಕಬ್ಬಿಣದ ಸರಳು. ಒಂದೇ ಬಾಗಿಲು, ಅದರ ಹೊರಗೆ ಕೊಲ್ಯಾಪ್ಸಿಬಲ್ ಗೇಟು, ರಾತ್ರಿ ಅದಕ್ಕೊಂದು ಬೀಗ, ಬೀಗದ ಕೈ ಯಾರದೋ ಜೇಬಿನಲ್ಲಿ. ಹಾಲ್‌ನಲ್ಲಿ ಮಂಚ ಹಾಕಬಾರದು ಎನ್ನುವುದಕ್ಕೆ ಕಾರಣವೂ ಇದೇ, ಒಳಕೋಣೆಯವರು ಓಡಿಬರಬೇಕಾದ ದಾರಿ ಅದು. ಕೀಲಿಯಿಲ್ಲದೆ ಒಳಗಿನಿಂದ ತಿರುಗಿಸಿ ತೆಗೆಯುವ ಬೀಗ, ಪ್ರತಿ ಕೋಣೆಗೆ ತೆರೆಯಬಲ್ಲ ಸರಳಿನ ಒಂದು ಕಿಟಕಿ, ಒಳಗಿನಿಂದ ಚಿಲಕ ಮಾತ್ರವಿರುವ ಟೆರೇಸ್ ಬಾಗಿಲು, ಇಷ್ಟನ್ನು ನಿಯಮದಲ್ಲಿ ಬರೆದರೆ ಖರ್ಚೂ ದೊಡ್ಡದಲ್ಲ.

ಪಾರ್ಕಿಂಗ್ ಬಗ್ಗೆ ಚಿಕ್ಕದಾಗಿ. ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಒಂದು ಕಾರಿನ ಜಾಗದಲ್ಲಿ ಆರು ಬೈಕು ಅಡ್ಡಲಾಗಿ ಹಿಡಿಯುತ್ತವೆ. ಆದರೆ ಒಳಗಿನದನ್ನು ತೆಗೆಯಲು ಹೊರಗಿನವನ್ನೆಲ್ಲ ಸರಿಸಬೇಕು. ಅದಕ್ಕೇ ಎಲ್ಲರೂ ರಸ್ತೆಯಲ್ಲೇ ಬಿಡುವುದು. ಗೇಟನ್ನು ಅಗಲ ಮಾಡಿಸಿ, ಆವರಣದೊಳಗೆ ನಿಲ್ಲುವಷ್ಟೇ ವಾಹನ ಎಂದು ಕರಾರಿನಲ್ಲಿ ಬರೆಯುವುದು ಸಾಧ್ಯ.

ಕರಾರಿನ ಮಾತು ಬಂದದ್ದರಿಂದ ಹೇಳಬೇಕಾದದ್ದು ಬಹಳಿದೆ. ಹಂಚಿಕೊಂಡ ಮನೆಗಳಲ್ಲಿ ಹೆಚ್ಚು ಕೆಡುವುದು ಇಲ್ಲೇ. ಹನ್ನೊಂದು ತಿಂಗಳ ಕರಾರು ಏಕೆಂದರೆ, ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಬೇಕು. ಹನ್ನೊಂದು ತಿಂಗಳದ್ದಾದರೂ ಸರಿಯಾದ ಸ್ಟ್ಯಾಂಪ್ ಇರಲೇಬೇಕು. ಇಲ್ಲದಿದ್ದರೆ ಕೋರ್ಟು ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕಾದರೆ ಬಾಕಿ ಶುಲ್ಕದ ಜೊತೆ ಹತ್ತು ಪಟ್ಟು ದಂಡ ತೆರಬೇಕಾದೀತು. ತಿಂಗಳಿಗೆ 3,500 ರೂಪಾಯಿ ಮೀರಿದ ವಾಸದ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಮಾತಾಗಿರದಿದ್ದರೆ ಅದರಂತೆ ತಿಂಗಳ ಬಾಡಿಗೆಗೆ ನೋಟಿಸು ಹದಿನೈದೇ ದಿನ. ವಿದ್ಯಾರ್ಥಿಗಳಿರುವ ಮನೆಯಲ್ಲಿ ಇದು ಪರೀಕ್ಷೆಯ ನಡುವೆ ಬಂದು ಕೂರಬಹುದು. ಎರಡೂ ಕಡೆಗೆ ಒಂದು ತಿಂಗಳೋ ಎರಡು ತಿಂಗಳೋ ಎಂದು ಬರೆಸಿಕೊಳ್ಳಬೇಕು.

ಐದು ಜನರಲ್ಲಿ ಒಬ್ಬನೇ ಸಹಿ ಹಾಕಿದರೆ ಉಳಿದ ನಾಲ್ವರು ಮಾಲೀಕನ ಲೆಕ್ಕದಲ್ಲಿ ಯಾರೂ ಅಲ್ಲ. ಐವರೂ ಹಾಕಿದರೆ ಇನ್ನೊಂದು ತೊಡಕು. 1872ರ ಕರಾರು ಕಾಯ್ದೆಯ 43ನೇ ಕಲಮಿನಂತೆ, ಬೇರೆ ಮಾತು ಬರೆದಿರದಿದ್ದರೆ, ಮಾಲೀಕ ಪೂರ್ತಿ ಬಾಡಿಗೆಯನ್ನು ಅವರಲ್ಲಿ ಯಾರೊಬ್ಬನಿಂದ ಬೇಕಾದರೂ ಕೇಳಬಹುದು. ಇಬ್ಬರು ಸೆಮಿಸ್ಟರ್ ಮುಗಿಸಿ ಊರಿಗೆ ಹೋದರೆ ಅವರ ಪಾಲು ಉಳಿದ ಮೂವರ ತಲೆಗೆ. ಆದ್ದರಿಂದ ಎಲ್ಲರ ಸಹಿ, ಯಾರ ಅಡ್ವಾನ್ಸ್ ಎಷ್ಟು ಎಂಬ ವಿವರ, ಒಬ್ಬ ಹೋಗಿ ಇನ್ನೊಬ್ಬ ಬರುವಾಗ ಮಾಲೀಕನ ಒಪ್ಪಿಗೆ ಪಡೆಯುವ ಕ್ರಮ, ಹೋಗುವವನ ಅಡ್ವಾನ್ಸನ್ನು ಬರುವವನು ಕೊಡಬೇಕೋ ಮಾಲೀಕನೋ ಎಂಬುದು, ಇವು ನಾಲ್ಕೂ ಬರಹದಲ್ಲಿರಬೇಕು. ಒಳಬಾಡಿಗೆ ಕೊಡುವಂತಿಲ್ಲ ಎಂಬ ಸಾಲನ್ನು ಮಾಲೀಕರು ಮರೆಯುತ್ತಾರೆ. ಮರೆತರೆ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರನಿಗೆ ಆ ಹಕ್ಕು ಕೊಟ್ಟೇ ಇದೆ, ಮನೆಗಳು ಕಳ್ಳ ಪಿಜಿಯಾಗುವುದು ಈ ಕಿಂಡಿಯಿಂದ. ಮನೆ ಸೇರುವ ದಿನ ಕರೆಂಟು ಮತ್ತು ನೀರಿನ ಮೀಟರ್ ರೀಡಿಂಗ್, ಗೋಡೆ, ನಲ್ಲಿ, ಫ್ಯಾನುಗಳ ವಿಡಿಯೊ ತೆಗೆದು ಎಲ್ಲರಿಗೂ ವಾಟ್ಸ್ಆ್ಯಪ್ ಮಾಡಿದರೆ ಬಿಡುವ ದಿನ ಪೇಂಟಿಂಗ್ ಹೆಸರಿನಲ್ಲಿ ಆಗುವ ಚೌಕಾಶಿ ಕಡಿಮೆ. ವಾಸಿಗಳ ಗುರುತಿನ ವಿವರವನ್ನು ಠಾಣೆಗೆ ಕೊಡುವುದು ಮಾಲೀಕನ ಕೆಲಸ. ವಿದೇಶಿಯರಾದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಸಲ್ಲಿಸಬೇಕು. ಗೋಕುಲಂನಲ್ಲಿ ಮಹಡಿ ಮೇಲಿನ ಒಂದು ರೂಮು ಕೊಟ್ಟವರಿಗೂ ಇದು ತಪ್ಪಿದ್ದಲ್ಲ.

ಪಿಜಿ ನಡೆಸುವವರು 14.2 ಕೆ.ಜಿ.ಯ ಮನೆಬಳಕೆಯ ಸಿಲಿಂಡರಿನಲ್ಲಿ ಮೂವತ್ತು ಜನಕ್ಕೆ ಅಡುಗೆ ಮಾಡುತ್ತಿದ್ದರೆ ಅದು ತಪ್ಪು. ಅವರಿಗಿರುವುದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರು. ಗದ್ದಲಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಿವೆ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಮದುವೆ ಮನೆಗೂ ಗಣಪತಿ ಪೆಂಡಾಲಿಗೂ ಅದೇ ನಿಯಮ ಎಂಬುದನ್ನು ದೂರು ಕೊಡುವವರು ಮರೆಯದಿರಲಿ. ರಾತ್ರಿ ಪಾಳಿ ಮುಗಿಸಿ ಮಲಗಿದವರಿಗೆ ಏಳು ಗಂಟೆಯ ಕಸದ ಗಾಡಿ ಸಿಗುವುದಿಲ್ಲ. ಹಸಿ ಕಸ, ಒಣ ಕಸಕ್ಕೆ ಬೇರೆ ಬೇರೆ ಮುಚ್ಚಳದ ಬಕೆಟ್ಟನ್ನು ಗೇಟಿನ ಒಳಗೆ ಇಡಿಸಿ ಪೌರಕಾರ್ಮಿಕರಿಗೆ ಹೇಳಿದರೆ ಆಯಿತು.

ಮಾಸ್ಟರ್ ಪ್ಲಾನ್ ಅಥವಾ ವಲಯ ನಿಯಮಾವಳಿಯ ಪರಿಷ್ಕರಣೆಗೆ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕರೆದಾಗ ಬಡಾವಣೆಯ ಸಂಘಗಳು ಬರೆಯಬೇಕು. ಮನೆಯಿಂದ ದೂರವಿರುವ ಮಾಲೀಕ ಊರಿನಲ್ಲೇ ಇರುವ ಒಬ್ಬ ಜವಾಬ್ದಾರನ ಹೆಸರನ್ನು ಪಾಲಿಕೆಗೆ ಕೊಡಬೇಕೆಂಬ ಸಲಹೆಯನ್ನೂ ಅದರಲ್ಲಿ ಸೇರಿಸಬಹುದು. ಒಂದು ನಿರ್ದಿಷ್ಟ ಮನೆಯ ಮೇಲೆ ಈಗಲೇ ದೂರು ಕೊಡುವುದಿದ್ದರೆ, ಮಲಗುವ ಕೋಣೆ ಎಷ್ಟು, ಮಂಚ ಎಷ್ಟು, ಬಚ್ಚಲು ಎಷ್ಟು, ಪರವಾನಗಿ ಫಲಕ ಇದೆಯೋ ಇಲ್ಲವೋ, ಚೇಂಬರು ಉಕ್ಕಿದ ದಿನಾಂಕ ಯಾವುದು ಎಂದು ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ‘ಬ್ಯಾಚುಲರುಗಳ ಹಾವಳಿ’ ಎಂದಷ್ಟೇ ಬರೆದ ಅರ್ಜಿಯನ್ನು ಹಿಡಿದುಕೊಂಡು ಯಾವ ಆರೋಗ್ಯ ನಿರೀಕ್ಷಕನೂ ನೋಟಿಸು ಕೊಡಲಾರ.

ಇಂತಿ,
ಒಬ್ಬ ನಿವೃತ್ತ ನಗರ ಯೋಜಕರು, ಒಬ್ಬ ವಕೀಲರು, ಒಬ್ಬ ಸಿವಿಲ್ ಎಂಜಿನಿಯರ್
ಕುವೆಂಪುನಗರ, ಮೈಸೂರು